ಮಣ್ಣಿಗೆ ಬರ್ರಿ

ನಮ್ಮ ಕಡೆ 'ಮಣ್ಣಿಗೆ ಹೋಗುವುದು' ಎಂದರೆ ಹೆಣ ಹೂಳಲು ಹೋಗುವುದು. ಹಾನಗಲ್ಲಿನ ಹತ್ತಿರ ಹೊಳೆ ದಂಡೆಗಿದ್ದ ನನ್ನ ಗಂಡನ ಊರಿನಲ್ಲಿ ಮಾತ್ರ ಆ ಮಾತಿಗೆ ಇನ್ನೊಂದು ಅರ್ಥವೂ ಇತ್ತು. ಮಳೆಗಾಲದ ಹೊಳೆ, ಅದಕ್ಕೆ ಅಡ್ಡಲಾಗಿ ಕಟ್ಟಿದ್ದ ನಮ್ಮ ಒಡ್ಡನ್ನು ಅಲ್ಲಲ್ಲಿ ಕಿತ್ತುಹಾಕುತ್ತಿತ್ತು. ನೀರು ತುಸು ಇಳಿಯುತ್ತಲೇ ಊರ ಚಾಕರಿಯ ವಾಲೀಕಾರ ಮನೆಮನೆಗೆ ಬಂದು "ನಾಳೆ ಮಣ್ಣಿಗೆ ಬರ್ರಿ" ಎಂದು ಕೂಗುತ್ತಿದ್ದ. ಮನೆಗೊಬ್ಬ ಗಂಡಾಳು ಹೋಗಿ, ಎದೆಮಟ್ಟ ನೀರಿನಲ್ಲಿ ನಿಂತು, ಕಲ್ಲು, ಹುಲ್ಲು, ಜೇಡಿಮಣ್ಣು ತುರುಕಿ ಒಡಕು ಮುಚ್ಚಬೇಕು. ಕಾಲುವೆಗೆ ನೀರು ಬಿಡುವ ತೂಬಿನ ಕೊಳೆತ ಹಲಗೆ ಬದಲಿಸಬೇಕು. ಆಳು ಬರದ ಮನೆಯ ಗದ್ದೆಗೆ ಆ ವರ್ಷ ನೀರಿನ ಪಾಳಿ ಇಲ್ಲ. ಮನೆಯಲ್ಲೋ ಬೀಗರಲ್ಲೋ ಸಾವಾದವರಿಗಷ್ಟೇ ಮಾಫಿ.

ಯುದ್ಧದ ಕಾಲ, ಪೇಟೆಯಲ್ಲಿ ಅಕ್ಕಿ ಕಣ್ಣಿಗೆ ಬೀಳುತ್ತಿರಲಿಲ್ಲ. ಗದ್ದೆಯ ಭತ್ತವೇ ನಮ್ಮ ಗಂಜಿ. ನಾನು ಮೂರನೆಯ ಹೆರಿಗೆಯಾಗಿ ಬಾಣಂತಿ ಕೋಣೆಯಲ್ಲಿದ್ದೆ. ತವರು ದೂರ, ಹಿರೇಕೆರೂರ ಕಡೆ. ವಾಲೀಕಾರ ಕೂಗಿದ್ದು ಕೇಳಿಸಿತು. ನಮ್ಮ ಮನೆಯವರು ತಗ್ಗಿದ ದನಿಯಲ್ಲಿ ಏನೋ ಹೇಳಿದ್ದು ಕೇಳಿಸಲಿಲ್ಲ. ಮರುದಿನ ಬೆಳಗಾಗುತ್ತಲೇ ರುಮಾಲು ಸುತ್ತಿಕೊಂಡು ಹೊರಟರು. ಒಡ್ಡಿಗೇ ಹೋದರೆಂದುಕೊಂಡೆ.

ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಬಂದು ಕೂತಳು. ಸೆರಗು ಬಾಯಿಗಿಟ್ಟುಕೊಂಡಳು.

"ಬಾಣಂತಿಗೆ ಹೇಳಬ್ಯಾಡ್ರಿ ಅಂತ ನಿನ್ನ ಗಂಡ ಆಣಿ ಹಾಕ್ಯಾನ. ಆದ್ರ ಹೊಟ್ಟ್ಯಾಗ ಇಟ್ಕೊಳ್ಳಾಕ ಆಗವಲ್ದವ್ವ ನನಗ. ಮಣ್ಣಿಗೆ ಬರ್ರಿ ಅಂತ ಕರದ್ರ, ನಾ ಬ್ಯಾರೆ ಮಣ್ಣಿಗೆ ಹೋಗೂದೈತಿ, ನಮ್ಮ ಮಾವ ತೀರಿಕೊಂಡ ಅಂದನಂತ."

ನಮ್ಮ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ ಹಾಡಿಕೊಂಡು ಅಳುತ್ತೇವೆ. ಅವ್ವನಿಗೆ ಗೊತ್ತಾಗದಂತೆ ಬಳೆಗಾರನನ್ನು ಕರೆದು ನನ್ನ ಕೈತುಂಬ ಬಳೆ ಇಡಿಸಿದವನೇ ಎಂದೆ. ನನ್ನನ್ನು ಗಾಡಿ ಹತ್ತಿಸಿ ಎತ್ತಿನ ಮರೆಗೆ ನಿಂತು ಕಣ್ಣೊರೆಸಿಕೊಂಡವನೇ ಎಂದೆ. ಅಪ್ಪನ ಎದುರಿಗೆ ಇದರಲ್ಲಿ ಒಂದು ಮಾತನ್ನೂ ಆಡಿದವಳಲ್ಲ ನಾನು. ಮಗು ಹೆದರಿ ಚೀರಿತು, ಹಾಲೂಡಿಸುವುದಕ್ಕೂ ಕೈಯಾಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ನಮ್ಮ ಮನೆಯವರು ಕಳ್ಳಬೆಕ್ಕಿನ ಹಾಗೆ ಒಳಗೆ ಬಂದರು. ನನ್ನ ಊದಿದ ಕಣ್ಣು ನೋಡಿದ್ದೇ ತಡ, ಕಾಲ ಬಳಿ ಕುಸಿದು ಕೂತರು.

"ಏನೂ ಆಗಿಲ್ಲ, ಮಾವ ಆರಾಮ ಅದಾರ. ನೀರು ಎದಿಮಟ ಬಂದ್ರ ನನಗ ಉಸಿರ ಹತ್ತಂಗಿಲ್ಲ. ಹೋದ ವರ್ಷ ಸತ್ತೇ ಹೋಗ್ತಿದ್ನಿ."

"ಹಂಗಂತ ಹೇಳಾಕ ಬಾಯಿ ಇರಲಿಲ್ಲೇನ್ರಿ?"

"ಗಂಡಸಾಗಿ ನೀರಿಗೆ ಅಂಜತೇನಿ ಅಂತ ಹೆಂಗ ಹೇಳ್ಲಿ? ನಾಚಿಕಿ ಬರ್ತೈತಿ."

"ಹೌದೌದು! ನಮ್ಮಪ್ಪನ್ನ ಜೀವಂತ ಹುಗಿಯಾಕ ನಾಚಿಕಿ ಬರಲಿಲ್ಲ ನಿಮಗ!"

ಕೈಗೆ ಸಿಕ್ಕ ತಂಬಿಗೆ ಎಸೆದೆ. ಅವರು ತಪ್ಪಿಸಿಕೊಳ್ಳಲೂ ಇಲ್ಲ. "ಒಡ್ಡಿನ ಕೆಲಸ ಮುಗಿಯೂತನ ಅಟ್ಟದ ಮ್ಯಾಲೆ ಇರ್ತೇನಿ. ನಾಳೆ ಹೆಣ್ಮಕ್ಕಳು ಬಂದ್ರ ಒಂದೀಟು ಅತ್ತುಬಿಡು. ಸುಳ್ಳಂತ ಗೊತ್ತಾದ್ರ ಪಾಳಿ ಹೋತು" ಎಂದು ಕೈಮುಗಿದರು. ನೀರಿಲ್ಲದ ಗದ್ದೆ ಕಣ್ಣ ಮುಂದೆ ಬಂತು. ಆಗಲಿ ಎಂದೆ. ಆ ಗಳಿಗೆಯಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಓಣಿಯ ಹೆಂಗಸರು ಬಂದರು. ಹಾಡಿ ಹಾಡಿ ಅತ್ತೆ. ಬಳೆಯದನ್ನೂ ಹೇಳಿದೆ, ಎತ್ತಿನ ಮರೆಯದನ್ನೂ ಹೇಳಿದೆ, ಅದೇ ಮಾತು, ಅದೇ ರಾಗ. ಕಣ್ಣಲ್ಲಿ ಮಾತ್ರ ಹನಿ ನೀರಿಲ್ಲ. ಸೆರಗಿನಿಂದ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಏದುಸಿರು ಬಿಡುತ್ತ ಓಡಿಬಂದಳು.

"ಏ ಸಾಕು ಮಾಡ ನಿನ್ನ ಅಳೂದು! ನಿಮ್ಮಪ್ಪ ಒಡ್ಡಿನ್ಯಾಗ ನಿಂತಾನ! ನೀರಾಗ ನಿಂತು ಮಣ್ಣು ಹಾಕಾಕತ್ತಾನ!"

ಮೊಮ್ಮಗನನ್ನು ನೋಡಲು ತುಪ್ಪ, ಒಣಕೊಬ್ಬರಿ ಹೊತ್ತು ಅಪ್ಪ ಒಡ್ಡಿನ ದಾರಿಯಲ್ಲೇ ಬಂದಿದ್ದ. ಬೀಗನನ್ನು ಕಂಡು ಗುದ್ದಲಿಗಳೆಲ್ಲ ನಿಂತುಬಿಟ್ಟವಂತೆ. ಯಾರೋ ವಿಷಯ ಬಾಯಿಬಿಟ್ಟರು. ಅಪ್ಪ ಅಂಗಿ ಬಿಚ್ಚಿ ಗಂಟಿನ ಮೇಲಿಟ್ಟು, "ಅಳಿಯಂದ್ರ ಪಾಳಿ ನಂದು" ಎಂದು ನೀರಿಗಿಳಿದನಂತೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ. ನಗುತ್ತ ಎದ್ದು ಹೋದರು. ನೆಲ ಬಾಯಿ ಬಿಟ್ಟರೆ ಹಸುಗೂಸಿನ ಸಮೇತ ಒಳಗೆ ಹೋಗಿಬಿಡುತ್ತಿದ್ದೆ.

ಸಂಜೆ ಅಪ್ಪ ನಡುಗುತ್ತ ಬಂದ. ಕೈಕಾಲು ತೊಳೆದು, ಮಗುವನ್ನು ನೋಡಿ, ನನ್ನಿಂದ ಎಲ್ಲ ಕೇಳಿ ತಿಳಿದು, ಅಟ್ಟದ ಕಡೆ ಮುಖ ಎತ್ತಿದ.

"ಇಳೀರಿ ಅಳಿಯಂದ್ರ, ಉಣ್ಣೂಣು. ಅಂಜಿಕಿ ಇದ್ರ ಹೇಳಬೇಕ್ರಿ. ದಂಡಿ ಮ್ಯಾಲೆ ನಿಂತು ಬುಟ್ಟಿ ತುಂಬಿ ಕೊಡೋರೂ ಬೇಕಾಗ್ತಾರ."

ಮರುದಿನ ಅಪ್ಪನ ಬೆನ್ನಿಗೆ ಇವರೂ ಹೋಗಿ ದಿನವಿಡೀ ಬುಟ್ಟಿ ತುಂಬಿದರು. "ಏನಪಾ, ಮಣ್ಣು ಮುಗಿಸಿ ಬಂದ್ಯಾ?" ಎಂದು ಕೇಳದವರಿಲ್ಲ. ಪಾಳಿ ಉಳಿಯಿತು, ಗದ್ದೆಗೆ ನೀರೂ ಬಂತು.

ಹೊರಡುವ ದಿನ ಅಪ್ಪ ತೊಟ್ಟಿಲ ಪಕ್ಕ ಕೂತು ಮೆಲ್ಲಗೆ ಕೇಳಿದ: "ಭಾಳ ಛಂದ ಹಾಡಿ ಅತ್ತಿಯಂತ, ಒಡ್ಡಿನ್ಯಾಗ ಎಲ್ಲಾರೂ ಹೇಳಾಕತ್ತಿದ್ರು. ಏನಂದಿ ನನ್ನ? ನಾನೂ ಈಟು ಕೇಳ್ತೇನಿ."

"ಏ, ಸುಮ್ಕಿರಪ್ಪ" ಎಂದು ತೊಟ್ಟಿಲೊಳಗೆ ಮುಖ ಹುದುಗಿಸಿದೆ. ಅಪ್ಪ ಮೊಮ್ಮಗನ ಕಾಲು ಸವರಿದ. ಆಮೇಲೆ ನಕ್ಕು, ಚಪ್ಪಲಿ ಮೆಟ್ಟಿಕೊಂಡ.

ಕೆಲವು ವರ್ಷಗಳ ಮೇಲೆ ಅಪ್ಪ ನಿಜವಾಗಿ ಹೋದ. ಸುದ್ದಿ ತಂದವನನ್ನು ನಮ್ಮೂರ ಕಟ್ಟೆಯ ಮೇಲೆ ಕೂತವರು ಮತ್ತೆ ಅದೇ ಸುಳ್ಳೆಂದು ನಕ್ಕು ಕಳಿಸಿದರಂತೆ; ಅವನು ಮನೆ ಹುಡುಕಿಕೊಂಡು ಬರುವಷ್ಟರಲ್ಲಿ ಹೊತ್ತು ಏರಿತ್ತು. ನಾನು ತವರು ಮುಟ್ಟಿದಾಗ ಅಪ್ಪನನ್ನು ರೂಢಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು, ಅಕ್ಕಂದಿರು ಸುತ್ತ ಕೂತು ಹಾಡಿ ಅಳುತ್ತಿದ್ದರು. ನನಗೆ ಜಾಗ ಬಿಟ್ಟರು. ಬಾಯಿ ತೆರೆದೆ. ಬಳೆ ಎನ್ನಬೇಕು, ಎತ್ತು ಎನ್ನಬೇಕು. ಒಣಗಣ್ಣಿನಿಂದ ಅದನ್ನೆಲ್ಲ ಒಮ್ಮೆ ಆಡಿಯಾಗಿತ್ತು, ಒಂದು ಪಾಳಿ ನೀರಿಗೋಸ್ಕರ. ದನಿ ಹೊರಡಲಿಲ್ಲ.

"ಅಳ ತಂಗಿ, ಅತ್ತುಬಿಡು" ಎಂದು ಅಕ್ಕ ಬೆನ್ನು ಸವರಿದಳು. ಅಪ್ಪನ ಮುಖ ನೋಡಲು ನನಗೆ ನಾಚಿಕೆಯಾಯಿತು. ಮಣ್ಣಿಗೆ ಎತ್ತುವ ತನಕ ಮೂಕಿಯ ಹಾಗೆ ಕೂತೇ ಇದ್ದೆ.