ಮಂತ್ರಿ ಹೊತ್ತು ತಂದ ಕೇಕು

ಎಬ್ಬೆ ಲಿನ್ಸ್‌ಕೋವ್ ನಮ್ಮ ದ್ವೀಪದ ಶಾಲೆಯಲ್ಲಿ ಮೀಸೆ ನರೆಯುವ ತನಕ ಪಾಠ ಹೇಳಿದವನು. ಅವನ ತರಗತಿಗೆ ಒಂದೇ ಕಟ್ಟಳೆ: ತಿಳಿಯದ್ದನ್ನು ತಿಳಿದವರ ಹಾಗೆ ಹೇಳಿ ಸಿಕ್ಕಿಬಿದ್ದವರು, ಮೇಷ್ಟ್ರೇ ಆದರೂ ಸರಿ, ಮರುದಿನ ತಾವೇ ಕೇಕು ಮಾಡಿ ಎಲ್ಲರಿಗೂ ತರಬೇಕು. ಎಬ್ಬೆ ಮಾಡಿದ ಕೇಕು ಇಟ್ಟಿಗೆಗೆ ಅಣ್ಣ. ಹಾಗಾಗಿ ಅವನು ತಪ್ಪು ಹೇಳದಿರಲಿ ಎಂದು ಮಕ್ಕಳೇ ಹರಕೆ ಹೊರುತ್ತಿದ್ದವು.

ಮಾತುಗಾರ. ಚುನಾವಣೆಗೆ ನಿಂತ, ಗೆದ್ದ, ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಶಿಕ್ಷಣ ಮಂತ್ರಿಯೂ ಆದ. ಅಂದು ಮನೆಮನೆಯ ಕಂಬಕ್ಕೂ ಬಾವುಟ ಏರಿತು. ಆದರೂ ಹಡಗುಕಟ್ಟೆಯಲ್ಲಿ ಮಕ್ಕಳು, "ಏಯ್ ಎಬ್ಬೆ, ನಿನ್ನ ಟೈ ಸೊಟ್ಟಗಿದೆ!" ಎಂದು ಕೂಗುವುದನ್ನು ಬಿಡಲಿಲ್ಲ.

ಆ ಚಳಿಗಾಲ ಎಬ್ಬೆ ಟಿವಿಯಲ್ಲಿ ಗತ್ತಿನಿಂದ ಹೇಳಿದ: ತೀರ ಸಣ್ಣ ಶಾಲೆಗಳನ್ನೆಲ್ಲ ಮುಚ್ಚಿ ದೊಡ್ಡವಕ್ಕೆ ಸೇರಿಸುತ್ತೇವೆ, ಮಕ್ಕಳಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಅಷ್ಟೇ.

ಶನಿವಾರ ಊರಿಗೆ ಹೊರಟಾಗ ಹಡಗಿನಲ್ಲಿ ಟಿಕೆಟ್ ಕೊಡಲು ಬಂದವಳು ಅವನ ಹಳೆಯ ವಿದ್ಯಾರ್ಥಿನಿ ಬೋಡಿಲ್.

"ಏನು ಎಬ್ಬೆ, ಬಸ್ಸಲ್ಲಿ ಬರ್ಲಿಲ್ವಾ?"

"ಯಾವ ಬಸ್ಸು?"

"ನೀನು ಟಿವೀಲಿ ಬಿಟ್ಯಲ್ಲ, ಅದೇ. ಸಮುದ್ರದ ಮೇಲೆ ಓಡೋದು."

ಎಬ್ಬೆಯ ಕಿವಿ ಕೆಂಪಾಯಿತು. "ಅದು ದೇಶಕ್ಕೆಲ್ಲ ಸೇರಿಸಿ ಹೇಳಿದ್ದು ಕಣೆ..."

"ನನ್ನ ಮಗಳೂ ದೇಶದಲ್ಲೇ ಇದಾಳೆ. ಬಿರುಗಾಳಿ ಎದ್ರೆ ಈ ಹಡಗೇ ಕದಲಲ್ಲ, ಅವಳು ಹೇಗೆ ಹೋಗ್ಲಿ? ಶಾಲೆ ಮುಚ್ಚಿದ್ರೆ ನಾವೂ ಗಂಟುಮೂಟೆ ಕಟ್ಟೋದೇ." ಟಿಕೆಟ್ ಹರಿದು ಕೈಗಿಟ್ಟಳು. "ಹೋಗ್ಲಿ ಬಿಡು. ಮಂತ್ರಿಗಳಿಗೆ ಕಟ್ಟಳೆ ಎಲ್ಲಿ?"

ಆ ಕೊನೆಯ ಮಾತು ಎಬ್ಬೆಗೆ ನಾಟಿತು. ಭಾನುವಾರವೆಲ್ಲ ಅವನ ಅಡುಗೆಮನೆಯಿಂದ ಸುಟ್ಟ ವಾಸನೆ.

ಸೋಮವಾರ ಪಕ್ಷದ ಸಭೆಯಲ್ಲಿ ಅವನು ಕೇಕಿನ ತಟ್ಟೆ ಇಟ್ಟಾಗ, "ಯಾರ ಹುಟ್ಟುಹಬ್ಬ?" ಎಂದು ಉಳಿದವರು ಕೇಳಿದರು.

"ಯಾರದ್ದೂ ಅಲ್ಲ. ತಿಳಿಯದೆ ಮಾತಾಡಿದ್ದಕ್ಕೆ ದಂಡ. ದ್ವೀಪದ ಶಾಲೆಗಳನ್ನ ಈ ಮುಚ್ಚೋ ಕಾನೂನಿಂದ ಹೊರಗೆ ಬಿಡೋ ತನಕ ದಿನಾ ತರ್ತೀನಿ."

ಹಣಕಾಸು ಮಂತ್ರಿ ಒಂದು ತುಂಡು ಬಾಯಿಗಿಟ್ಟ. ಅಗಿದ. ಇನ್ನೂ ಅಗಿದ. ನೀರು ಕುಡಿದು, "ಬಿಟ್ಟುಬಿಡೋಣಪ್ಪ," ಎಂದ.

ಶಾಲೆ ಉಳಿಯಿತು. ಮುಂದಿನ ಶನಿವಾರ ಬೋಡಿಲ್ ಹಡಗಿನಲ್ಲಿ ಅವನಿಗೆ ತಾನೇ ಕಾಫಿ ತಂದುಕೊಟ್ಟಳು.

"ಉಳಿದ ಕೇಕು ಏನು ಮಾಡ್ದೆ?"

"ಬಂದರಿನ ಹಕ್ಕಿಗಳಿಗೆ ಹಾಕ್ದೆ."

"ಅಯ್ಯೋ ಪಾಪ! ಅವು ಏನು ತಪ್ಪು ಹೇಳಿದ್ವು?"