ಅತ್ತೆಯ ಬೆನ್ನು

ನಮ್ಮ ಕಡೆ ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ.

ಏಕೀಕರಣವಾದ ಹೊಸತು. ಸಿಂದಗಿಯ ನಮ್ಮ ಮನೆಯಲ್ಲಿ ತಮ್ಮನಿಗೆ ಹೆಸರಿಡುವ ದಿನವೇ ಯಂಕಂಚಿಯ ಅತ್ತೆ ಜ್ವರ ಬಂದು ಮಲಗಿಬಿಟ್ಟಳು. ಪಕ್ಕದ ಮುಸಲ್ಮಾನರ ಮನೆಯ ಹೆಣ್ಣುಮಗಳೊಬ್ಬಳು ನಮ್ಮಪ್ಪನನ್ನು ಅಣ್ಣಾ ಎನ್ನುತ್ತಿದ್ದಳು. ಅಜ್ಜಿ ಅವಳನ್ನೇ ಕೈಹಿಡಿದು ತಂದು ತೊಟ್ಟಿಲ ಮುಂದೆ ಕೂರಿಸಿದಳು.

ಆಕೆ ಹೆಸರು ಹೇಳಿದಳು. ಹೆಂಗಸರು ಮಾತ್ರ ಅಳುಕಿ, ಬೆನ್ನಿಗೆ ಬೆರಳು ತಾಗಿಸಿ ಕೈ ಹಿಂದೆಗೆದರು. ಆಕೆಗೆ ಸಿಟ್ಟು ಬಂತು.

"ಯಾಕ್ರವಾ, ಅತ್ತಿ ಅಂತ ಕುಂದರಿಸಿ ಬೀಗರ ಉಪಚಾರ ಮಾಡಾಕತ್ತೀರಿ? ಗುದ್ರಿ!"

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮೊದಲ ಗುದ್ದು ಹಾಕಿದಳು. ಆಮೇಲೆ ಯಾರೂ ಕೈ ತಡೆಯಲಿಲ್ಲ. ಎಂಟು ವರ್ಷದ ನಾನೂ ಎರಡು ಗುದ್ದಿದೆ.

ಈಗಿನವರು ಫೋಟೋಕ್ಕಾಗಿ ಅತ್ತೆಯ ಬೆನ್ನು ಸವರುತ್ತಾರೆ. ನನಗದು ಸೇರುವುದಿಲ್ಲ. ಅಂದು ಗುದ್ದು ತಿಂದವಳು ಮರುದಿನ ಬೀಸುಕಲ್ಲಿನ ಮುಂದೆ ಬೆನ್ನು ಹಿಡಿದುಕೊಂಡು, ಓಣಿಗೆಲ್ಲ ಕೇಳುವಂತೆ, ನಗುತ್ತ ಅಂದಿದ್ದಳು: "ಯವ್ವಾ, ಅತ್ತಿ ಆಗೋದಂದ್ರ ಸಸಾರ ಐತೇನ!"