ಒಂದು ತಾಸಿನ ಮೂಕ

ಮಡಿವಾಳಪ್ಪಜ್ಜ ದಿನಾಲು ನಾಲ್ಕರಿಂದ ಐದರವರೆಗೆ ಮೂಕರಾಗುತ್ತಿದ್ದರು. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದೆ ಅವರದೊಂದು ಹಗ್ಗದಂಗಡಿ. ಅವರ ಕಿವಿ ಚುರುಕಾಗಿಯೇ ಇತ್ತು. ಆದರೂ ಆ ಒಂದು ತಾಸು ಗಿರಾಕಿಗಳೂ ಮಾತು ಬಿಟ್ಟು, ಎತ್ತಿನ ಮೂಗುದಾರ ಬೇಕಿದ್ದರೆ ತಮ್ಮ ಮೂಗನ್ನೇ ಮುಟ್ಟಿ ತೋರಿಸುತ್ತಿದ್ದರು. ಹೊಸಬರು ಮೌನವ್ರತವೆಂದು ತಿಳಿದು ಕೈಮುಗಿಯುತ್ತಿದ್ದರು. ಐದು ಹೊಡೆದ ಮೇಲೆ ಅಜ್ಜ ತಿದ್ದುತ್ತಿದ್ದರು: "ವ್ರತಾ ಅಲ್ರಿ, ರೂಢಿ. ಕಲತ ವಿದ್ಯಾ ಬಿಡಬಾರದು. ಮತ್ತ ಯಾವಾಗ ಬೇಕಾಕ್ಕೈತೋ."

ಆ ವಿದ್ಯೆಯನ್ನು ಅವರು ಕಲಿತದ್ದು ಎರಡನೆಯ ಮಹಾಯುದ್ಧದಲ್ಲಿ, ಇಟಲಿಯ ಗುಡ್ಡಗಳಲ್ಲಿ. ಹಾಗೆಂದು ಅವರು ಹೇಳುತ್ತಿದ್ದರು. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ತೊಂಬತ್ತರ ದಶಕದ ಮೊದಲಿಗೆ ಈ ಊರಿನ ಕಾಲೇಜಿಗೆ ಬಂದವನು. ಅಡಿಟಿಪ್ಪಣಿ ಇಲ್ಲದ ಯಾವುದನ್ನೂ ಆಗ ನಂಬುತ್ತಿರಲಿಲ್ಲ. ಈಗ ನನ್ನ ನೆನಪನ್ನೂ ನಂಬುವುದಿಲ್ಲ.

ಕತೆ ಇಷ್ಟು. ಪಲ್ಟನ್ನಿನಲ್ಲಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದ ಅಜ್ಜ ಆಫ್ರಿಕಾದಲ್ಲಿ ಸೆರೆಸಿಕ್ಕು ಇಟಲಿಯ ಶಿಬಿರ ಸೇರಿದರು. ಇಟಲಿ ಶರಣಾದ ದಿನ ಕಾವಲಿನವರು ಬಾಗಿಲು ತೆರೆದು ಹೊರಟುಹೋದರು. ಇವರೂ ಹೊರಟರು. ಗುಡ್ಡದ ಮೇಲಿನ ಒಬ್ಬ ಮುದುಕಿ ಇವರನ್ನು ಕುರಿದೊಡ್ಡಿಯಲ್ಲಿ ಬಚ್ಚಿಟ್ಟಳು. ಅವಳ ಮಕ್ಕಳು ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ದಂಡಿನಲ್ಲಿದ್ದರು. ಅವರಿಗೊಂದು ವೈರ್‌ಲೆಸ್ ಪೆಟ್ಟಿಗೆಯನ್ನು ಹೊಳೆಯ ಆಚೆ ಮುಟ್ಟಿಸಬೇಕಿತ್ತು. ಸೇತುವೆಯ ಮೇಲೆ ಜರ್ಮನರ ಚೌಕಿ. ಪೆಟ್ಟಿಗೆಯನ್ನು ಆಲೂಗಡ್ಡೆ ಚೀಲದಲ್ಲಿಟ್ಟು ಹೇಸರಗತ್ತೆಯ ಮೇಲೆ ಹೇರುವುದು, ಭಾಷೆ ಬಾರದ ಅಜ್ಜ ಆ ಮುದುಕಿಯ ಜೊತೆ ಅವಳ ಮೂಕ ಮಗನಾಗಿ ಹೋಗುವುದು ಎಂದಾಯಿತು. ಮೂರು ದಿನ ತಾಲೀಮು. ಮುದುಕಿ ಹಿಂದಿನಿಂದ ಬಂದು ಸೂಜಿ ಚುಚ್ಚುತ್ತಿದ್ದಳು. ಮೊದಲನೆಯ ದಿನ ಇವರು ಯವ್ವಾ ಎಂದರು, ಮೂರನೆಯ ದಿನ ಏನೂ ಅನ್ನಲಿಲ್ಲ.

ಚೌಕಿಯಲ್ಲಿ ಸಿಪಾಯಿಯೊಬ್ಬ ನೆಲದ ಮೇಲೆ ದಫ್ತರ ಇಟ್ಟುಕೊಂಡು ಬರೆಯುತ್ತಿದ್ದ. ಹೇಸರಗತ್ತೆ ಸರಿದಾಡಿತು. ಅಜ್ಜನ ಕಾಲು ದಫ್ತರಕ್ಕೆ ತಾಗಿತು. ತಾಗಿದ್ದೇ ತಡ, ಬಗ್ಗಿ ಅದನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು.

"ಬಾಯಿ ಕಟ್ಟಿದ್ನಿರಿ, ಕೈ ಕಟ್ಟೂದು ಮರ್ತಿದ್ದೆ" ಎನ್ನುತ್ತಿದ್ದರು ಅಜ್ಜ. "ಅಂವ ಕಣ್ಣ ತಗದು ನೋಡಾಕ ಹತ್ತಿದಾ. ಮುದುಕಿ ಬಂದ್ಲು, ಫಟ್ ಅಂತ ನನ್ನ ಕಪಾಳಕ್ಕ ಕೊಟ್ಟು, ತಲಿ ಕೆಟ್ಟೈತಿ ಅಂತ ಬೆರಳ ತಿರುವಿ ತೋರಿಸಿದ್ಲು. ಅಂವ ನಕ್ಕು ಬಿಟ್ಟಾ."

ಕೆಲವು ಸಲ ಹೇಸರಗತ್ತೆ ಬರಿಯ ಕತ್ತೆಯಾಗುತ್ತಿತ್ತು, ಸಿಪಾಯಿಗಳು ನಾಲ್ವರಾಗುತ್ತಿದ್ದರು. ನಾನು ಆಕ್ಷೇಪಿಸಿದರೆ, "ನಿಮಗ ಯಾವುದು ಅನುಕೂಲೋ ಅದನ್ನ ಬರಕೋರಿ ಮಾಸ್ತರ" ಎನ್ನುತ್ತಿದ್ದರು.

ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆ ನಮ್ಮ ಕಾಲೇಜು ಸ್ಮರಣ ಸಂಚಿಕೆ ತಂದಿತು. ಹೋರಾಡಿದವರ ಪಟ್ಟಿ ನನ್ನ ಪಾಲಿಗೆ ಬಂದಿತ್ತು. ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಗೆ ಬಂದರು. ತಮ್ಮ ಹೆಸರು ಬೇಡ, ಆ ಮುದುಕಿಯ ಹೆಸರು ಹಾಕಬೇಕು ಎಂದರು. ತಾವು ಹೋದ ಮೇಲೆ ಅವಳ ಸುದ್ದಿ ಈ ಕಡೆ ಹೇಳುವವರು ಯಾರೂ ಇರುವುದಿಲ್ಲವಂತೆ. ನಾನು ಪೆನ್ನು ತೆಗೆದು ಹೆಸರು ಕೇಳಿದೆ.

"ಗೊತ್ತಿಲ್ರಿ. ಮೂಕ ಆಗಿದ್ನಲ್ಲ, ಹೆಂಗ ಕೇಳ್ಲಿ?"

"ಹೊಳಿ ದಾಟಿದ ಮ್ಯಾಲ ಕೇಳಬಹುದಿತ್ತಲ್ರಿ ಅಜ್ಜಾರ?"

"ಪೆಟಗಿ ಮುಟ್ಟಿಸಿ, ನನ್ನ ಅಲ್ಲೇ ಬಿಟ್ಟು, ಆಕಿ ಹೊಳ್ಳಿ ಹೊಂಟ್ಲು. ನಾ ಒದರಿದ್ರ ಮೂಕ ಮಾತಾಡಿದಂಗಾಕ್ಕಿತ್ತು. ಆಕಿ ಅದ ಚೌಕಿ ದಾಟಿ ಮನಿಗಿ ಹೋಗಬೇಕಾಗಿತ್ತಲ್ರಿ."

ಆ ಕಡೆ ಮರಿಯಾ ಎಂಬ ಹೆಸರು ಬಹಳ, ಅದನ್ನೇ ಹಾಕೋಣವೇ ಎಂದು ಕೇಳಿದೆ. ಅಜ್ಜ ನನ್ನ ಪೆನ್ನಿಗೆ ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ಹಂಗಂದ್ರ ಆಕಿ ಬ್ಯಾರೆ ಯಾರರ ಆಗತಾಳ."

ಹೆಸರಿಲ್ಲದವರನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲ ಎಂದೆ. ಅಜ್ಜ ಅಂಗಿಯ ತೋಳು ಸರಿಮಾಡಿಕೊಂಡು, ಚಹಾ ಕುಡಿದು, ಹೋದರು. ಮುದುಕಿಯ ಹೆಸರು ಗೊತ್ತಿಲ್ಲದಿರುವುದೇ ಕತೆ ಸುಳ್ಳೆಂಬುದಕ್ಕೆ ಸಾಕ್ಷಿ ಎಂದು ಅಂದು ತೀರ್ಮಾನಿಸಿದೆ. ಸುಳ್ಳು ಹೇಳುವವನು ಮೊದಲು ಹೆಸರನ್ನೇ ಹೊಂದಿಸಿಕೊಂಡಿರುತ್ತಾನೆ ಎಂಬುದು ಹೊಳೆಯಲು ಆರು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನು ಸವದತ್ತಿಗೆ ಹೋಗಿದ್ದೆ.

ಮುಂದೊಮ್ಮೆ ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗ ಅಂಗಡಿಗೆ ಹೋದೆ. ನಾಲ್ಕೂವರೆ. ನಿಮ್ಮ ಮುದುಕಿಯ ಬಗ್ಗೆ ಬರೆಯುತ್ತೇನೆ, ಹೆಸರಿಲ್ಲದೆಯೇ ಬರೆಯುತ್ತೇನೆ ಎಂದು ನಾನೊಬ್ಬನೇ ಮಾತಾಡಿದೆ. ಅಜ್ಜ ಹಗ್ಗ ಹೊಸೆಯುತ್ತ ಕೇಳಿದರು. ನನಗೆ ನೀರು ಕೊಡಲು ಎದ್ದಾಗ, ನೆಲದ ಮೇಲಿಟ್ಟಿದ್ದ ನನ್ನ ನೋಟ್‌ಬುಕ್ಕಿಗೆ ಅವರ ಕಾಲು ತಾಗಿತು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ಅದನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡರು. ಇದು ಸಾಕ್ಷಿಯಲ್ಲ, ನಮ್ಮ ಕಡೆ ಎಲ್ಲರೂ ಮಾಡುವುದೇ. ಆಮೇಲೆ ನನ್ನ ಮುಖ ನೋಡಿ, ತಮ್ಮ ಕಪಾಳಕ್ಕೆ ತಾವೇ ಮೆಲ್ಲಗೆ ಹೊಡೆದುಕೊಂಡು, ತಲೆಯ ಬಳಿ ಬೆರಳು ತಿರುವಿದರು.

ಐದಾಯಿತು. ಅಜ್ಜ ಮಾತಾಡಲಿಲ್ಲ. ಐದೂ ಹತ್ತಕ್ಕೆ ನನ್ನ ಬಸ್ಸು. ನಾನು ರಸ್ತೆ ದಾಟಿ, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂರುವವರೆಗೂ ಅವರು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಆ ಮಳೆಗಾಲದಲ್ಲಿ ಅವರು ತೀರಿಕೊಂಡರೆಂದು ತಡವಾಗಿ ತಿಳಿಯಿತು. ಆ ದಿನ ಬಸ್ಸು ಹೊರಟಾಗ ಅವರು ಕೂಗಲಿಲ್ಲ, ಕೈ ಮಾತ್ರ ಎತ್ತಿದರು.